ಹಳೆಯ ಗಣಕಗಳ ಹೊಸ ಪೇಟೆ

ಬೆಂಗಳೂರಿನ ಹಳೆಯ ಪೇಟೆಗೆ ಒಂದು ಸಂಪ್ರದಾಯವುಂಟು. ಯಾವ ಕಸುಬು ಎಲ್ಲಿ ನೆಲೆಯೂರಿತೋ ಆ ಕಸುಬಿನ ಹೆಸರೇ ಆ ಬೀದಿಗೆ ನಿಂತುಹೋಯಿತು. ಬಳೆ ಮಾರುವವರಿದ್ದುದು ಬಳೇಪೇಟೆ, ಅಕ್ಕಿಯ ವ್ಯಾಪಾರ ನಡೆದುದು ಅಕ್ಕಿಪೇಟೆ, ಅರಳೆಯ ಮೂಟೆಗಳು ಇಳಿದುದು ಅರಳೇಪೇಟೆ, ಗಾಣ ತಿರುಗಿದುದು ಗಾಣಿಗರಪೇಟೆ. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಹೀಗೆ ಪೇಟೆಯಿಂದ ಪೇಟೆಗೆ ಬೆಳೆಯಿತು. ಗಾಣದ ಸದ್ದು ಅಡಗಿ ಎಷ್ಟೋ ಕಾಲವಾಗಿದೆ, ಹೆಸರು ಉಳಿದಿದೆ. ಆದರೆ ಒಂದು ಕಸುಬಿನವರು ಒಂದೆಡೆ ಗುಂಪುಗೂಡುವ ಹಳೆಯ ವಾಡಿಕೆ ಮಾತ್ರ ಪೇಟೆಯನ್ನು ಬಿಟ್ಟುಹೋಗಿಲ್ಲ. ಎಲ್ಲಕ್ಕಿಂತ ಈಚೆಗೆ ಬಂದ ಕಸುಬೂ ಆ ವಾಡಿಕೆಗೆ ಮಣಿದು ಒಂದೇ ಬೀದಿಯಲ್ಲಿ ಮನೆಮಾಡಿದೆ. ಅದು ಗಣಕಯಂತ್ರಗಳ ವ್ಯಾಪಾರ. ಆ ಬೀದಿಯೇ ಸಾದರ್ ಪತ್ರಪ್ಪ ರಸ್ತೆ. ಊರಿನವರ ಬಾಯಲ್ಲಿ ಅದು ಎಸ್.ಪಿ. ರೋಡು.

ಪುರಭವನದ ನೆರೆಯಲ್ಲಿ

೧೯೩೫ರಲ್ಲಿ ಎದ್ದುನಿಂತ ಪುಟ್ಟಣ್ಣಚೆಟ್ಟಿ ಪುರಭವನದ ಬಿಳಿಯ ಕಂಬಗಳನ್ನು ಕಂಡವರಿಗೆ ಈ ಬೀದಿ ದೂರವಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೋ ನಿಲ್ದಾಣದಿಂದಲೂ ನಡೆದೇ ಬರಬಹುದು. ಒಂದು ಕಡೆ ಮೋಟಾರು ಬಿಡಿಭಾಗಗಳ ಜೆ.ಸಿ. ರಸ್ತೆ, ಇನ್ನೊಂದು ಕಡೆ ನಗರ್ತಪೇಟೆಯ ಇಕ್ಕಟ್ಟಾದ ಓಣಿಗಳು, ತುಸು ಆಚೆಗೆ ಹಳೆಯ ಪುಸ್ತಕಗಳಿಗೆ ಹೆಸರಾದ ಅವೆನ್ಯೂ ರಸ್ತೆ. ಹಳೆಯದಕ್ಕೆ ಬೆಲೆ ಕಟ್ಟಬಲ್ಲ ನೆರೆಹೊರೆಯ ನಡುವೆ ಹಳೆಯ ಗಣಕಗಳೂ ಬಂದು ನಿಂತದ್ದು ಆಶ್ಚರ್ಯವಲ್ಲ.

ಬೀದಿಯೇನೋ ಕಿರಿದು. ಎರಡು ಬದಿಯಲ್ಲಿಯೂ ನಿಂತ ಸ್ಕೂಟರುಗಳ ಸಾಲು, ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತ ಆಳುಗಳು, ಅವರ ನಡುವೆ ದಾರಿ ಹುಡುಕುವ ಆಟೋ. ನೆಲಮಟ್ಟದ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಹೊಸ ಸರಕು ಮಿರುಗುತ್ತದೆ. ನೋಡಲು ಬಂದವನು ಅಷ್ಟಕ್ಕೇ ಮರುಳಾಗಿ ಹಿಂದಿರುಗಿದರೆ ಅರ್ಧ ಬೀದಿಯನ್ನು ಮಾತ್ರ ಕಂಡಂತೆ. ಉಳಿದರ್ಧ ಮೆಟ್ಟಿಲು ಹತ್ತಿದ ಮೇಲೆ ದೊರೆಯುತ್ತದೆ. ಮೇಲಿನ ಮಹಡಿಗಳ ಕಿರುಕೋಣೆಗಳಲ್ಲಿ ಬಿಚ್ಚಿಟ್ಟ ಲ್ಯಾಪ್‌ಟಾಪುಗಳು ತರಕಾರಿಯಂತೆ ರಾಶಿಬಿದ್ದಿವೆ. ಒಂದು ಬುಟ್ಟಿಯ ತುಂಬ ಕೀಲಿಮಣೆಗಳು, ಮತ್ತೊಂದರಲ್ಲಿ ಪರದೆಗಳು, ಡಬ್ಬಿಗಳಲ್ಲಿ ವಿಂಗಡಿಸಿದ ತಿರುಪುಗಳು. ಬೆಸುಗೆಯ ಸೀಸದ ಹೊಗೆಯೂ ಕೆಳಗಿನಿಂದೇರಿ ಬರುವ ಕಾಫಿಯ ಕಂಪೂ ಅಲ್ಲಿ ಒಂದರೊಳಗೊಂದು ಬೆರೆತಿರುತ್ತವೆ.

ಈ ರಾಶಿಯಲ್ಲಿ ಬಲ್ಲವರ ಕಣ್ಣು ಹುಡುಕುವುದು ಕಪ್ಪು ಮೈಯ, ಅಂಗೈಗೆ ತುಸು ದೊರಗಾದ, ಪುಸ್ತಕದಷ್ಟೇ ಅಗಲದ ಒಂದು ಯಂತ್ರವನ್ನು. ಹೊತ್ತು ತಿರುಗುವವರಿಗೆಂದೇ ಮಾಡಿದ ಹಗುರ ಲ್ಯಾಪ್‌ಟಾಪುಗಳಲ್ಲಿ ಅದರದು ಒಂದು ದೊಡ್ಡ ಮನೆತನ.

ಕಪ್ಪು ಬುತ್ತಿಯ ಕಥೆ

ಅಮೆರಿಕದ ಐಬಿಎಂ ಸಂಸ್ಥೆಗೆ 'ಥಿಂಕ್', ಎಂದರೆ 'ಯೋಚಿಸು', ಎಂಬುದು ಹಳೆಯ ಧ್ಯೇಯವಾಕ್ಯ. ಆ ಪದವನ್ನು ಅಚ್ಚೊತ್ತಿದ ಕಿಸೆಪುಸ್ತಕಗಳನ್ನು ಅಲ್ಲಿಯ ನೌಕರರು ಇಟ್ಟುಕೊಳ್ಳುತ್ತಿದ್ದರು. ೧೯೯೨ರಲ್ಲಿ ಆ ಸಂಸ್ಥೆ ತನ್ನ ಲ್ಯಾಪ್‌ಟಾಪಿಗೆ ಥಿಂಕ್‌ಪ್ಯಾಡ್ ಎಂದು ಹೆಸರಿಟ್ಟದ್ದು ಆ ಕಿಸೆಪುಸ್ತಕದ ನೆನಪಿನಿಂದ. ಅದರ ರೂಪವನ್ನು ಕಲ್ಪಿಸಿದ ರಿಚರ್ಡ್ ಸ್ಯಾಪರ್ ಜರ್ಮನಿಯಲ್ಲಿ ಹುಟ್ಟಿ ಇಟಲಿಯಲ್ಲಿ ನೆಲೆಸಿದ ವಿನ್ಯಾಸಕಾರ. ಜಪಾನಿನವರು ಊಟ ಕಟ್ಟುವ ಕಪ್ಪು ಅರಗಿನ ಬುತ್ತಿಪೆಟ್ಟಿಗೆಯನ್ನು ಅವನು ಮಾದರಿಯಾಗಿಟ್ಟುಕೊಂಡ. ಹೊರಗೆ ಏನೂ ಕಾಣದ ಕಪ್ಪು ಪೆಟ್ಟಿಗೆ. ಮುಚ್ಚಳ ತೆರೆದರೆ ಒಳಗೆ ಒಪ್ಪವಾಗಿ ಜೋಡಿಸಿದ ಖಾದ್ಯ! ಕೀಲಿಮಣೆಯ ನಡುವೆ ಕುಂಕುಮದ ಬೊಟ್ಟಿನಂತೆ ಒಂದು ಕೆಂಪು ಗುಬುಟು. ಬೆರಳಿಂದ ಅದನ್ನು ಅತ್ತಿತ್ತ ಒತ್ತಿದರೆ ಪರದೆಯ ಮೇಲಿನ ಬಾಣ ಓಡಾಡುತ್ತದೆ. ೨೦೦೫ರಲ್ಲಿ ಈ ವ್ಯವಹಾರವೆಲ್ಲ ಚೀನಾದ ಲೆನೊವೊ ಸಂಸ್ಥೆಯ ಕೈಸೇರಿತು. ಕಪ್ಪು ಮೈಯೂ ಕೆಂಪು ಬೊಟ್ಟೂ ಹಾಗೆಯೇ ಮುಂದುವರಿದವು.

ಈ ಮನೆತನದ ಎಕ್ಸ್ ಶಾಖೆಯೇ ಹಗುರ ಯಂತ್ರಗಳದು. ೨೦೧೧ರ ಎಕ್ಸ್ ೨೨೦, ೨೦೧೨ರ ಎಕ್ಸ್ ೨೩೦ ಎಂಬಿವು ಹಳೆಯ ಸರಕಿನ ಪೇಟೆಯಲ್ಲಿ ಹಿರಿಯರೆನಿಸಿಕೊಂಡಿವೆ. ಪರದೆ ಹನ್ನೆರಡೂವರೆ ಅಂಗುಲ, ತೂಕ ಸುಮಾರು ಒಂದೂವರೆ ಕಿಲೋ. ಬೆನ್ನಿನಲ್ಲಿ ಎರಡು ಚಿಲಕಗಳನ್ನು ಸರಿಸಿದರೆ ಬ್ಯಾಟರಿ ಕೈಗೆ ಬರುತ್ತದೆ. ಅಡಿಯ ಒಂದೆರಡು ತಿರುಪುಗಳನ್ನು ಕಳಚಿದರೆ ರ‍್ಯಾಮ್ ಕೂರಿಸುವ ಎರಡು ಮನೆಗಳು, ಬದಿಯಲ್ಲಿ ಹಾರ್ಡ್ ಡಿಸ್ಕಿನ ಗೂಡು. ಕೀಲಿಮಣೆಯ ಮೇಲೆ ನೀರು ಚೆಲ್ಲಿದರೆ ಅದು ಹರಿದುಹೋಗಲೆಂದು ಕೆಳಗೆ ಕಿಂಡಿ. ಮುಚ್ಚಳದ ಅಂಚಿನಲ್ಲಿ ಹುದುಗಿಸಿದ ಪುಟ್ಟ ದೀಪವೊಂದು ಕೀಲಿಗಳ ಮೇಲೆ ಬೆಳಕು ಚೆಲ್ಲುತ್ತದೆ. ಕರೆಂಟು ಹೋದ ರಾತ್ರಿಯಲ್ಲಿ ಅದರ ಉಪಕಾರ ಎಷ್ಟೆಂಬುದನ್ನು ತಾಲ್ಲೂಕು ಊರುಗಳಲ್ಲಿ ಓದುವ ಮಕ್ಕಳೇ ಹೇಳಬೇಕು.

ಗಾಜಿನ ಮಹಲಿನಿಂದ ಪೇಟೆಗೆ

ಇಂಥ ಯಂತ್ರಗಳು ಈ ಬೀದಿಗೆ ಬಂದು ಬೀಳುವುದಾದರೂ ಹೇಗೆ? ಅದಕ್ಕೆ ಉತ್ತರ ಊರಿನ ಹೊರವಲಯದಲ್ಲಿದೆ. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರದ ಬಯಲಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ತಲೆಯೆತ್ತಿತು. ಮುಂದೆ ಅಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಗಾಜಿನ ಮಹಲುಗಳು ಎದ್ದವು. ಆ ಮಹಲುಗಳಲ್ಲಿ ದುಡಿಯುವವರಿಗೆಲ್ಲ ಸಂಸ್ಥೆಯೇ ಲ್ಯಾಪ್‌ಟಾಪ್ ಕೊಡುವುದು ರೂಢಿ. ಮೂರು ನಾಲ್ಕು ವರ್ಷಗಳಾದೊಡನೆ ಗುತ್ತಿಗೆಯ ಅವಧಿ ತೀರುತ್ತದೆ, ಇಲ್ಲವೇ ಲೆಕ್ಕದ ಪುಸ್ತಕದಲ್ಲಿ ಯಂತ್ರದ ಬೆಲೆ ಸೊನ್ನೆಗೆ ಇಳಿಯುತ್ತದೆ. ಆಗ ಕೆಡದಿದ್ದರೂ ಅದಕ್ಕೆ ನಿವೃತ್ತಿ. ನೂರಾರು ಯಂತ್ರಗಳು ಒಟ್ಟಿಗೇ ಸಗಟಾಗಿ ಮಾರಾಟವಾಗುತ್ತವೆ. ಕೊಂಡವರು ಒಳಗಿನ ದಾಖಲೆಗಳನ್ನೆಲ್ಲ ಅಳಿಸಿ, ಒರಸಿ ತಿಕ್ಕಿ, ಮೈಯ ಗಾಯಗಳನ್ನು ನೋಡಿ ಒಂದನೆಯ ದರ್ಜೆ, ಎರಡನೆಯ ದರ್ಜೆ ಎಂದು ವಿಂಗಡಿಸುತ್ತಾರೆ. ಹೀಗೆ ಬೀಳ್ಕೊಂಡ ಯಂತ್ರ ಪೇಟೆಯ ಮೆಟ್ಟಿಲೇರಿ ಹೊಸ ಒಡೆಯನಿಗಾಗಿ ಕಾಯುತ್ತದೆ.

ಹೊಸ ಒಡೆಯರು ಬಹುಮಟ್ಟಿಗೆ ದೂರದವರು: ತುಮಕೂರಿನಿಂದ ನಿತ್ಯ ರೈಲಿನಲ್ಲಿ ಓಡಾಡುವ ಗುಮಾಸ್ತ, ಕೋಲಾರದ ಕಾಲೇಜು ಹುಡುಗಿ, ಊರೂರು ಸುತ್ತುವ ವರದಿಗಾರ, ತೆರಿಗೆಯ ಲೆಕ್ಕ ಬರೆಯುವವ. ಹೊಸ ಹಗುರ ಯಂತ್ರದ ಬೆಲೆ ಅವರ ಕೈಗೆಟುಕದು. ಕೈಗೆಟುಕುವ ಹೊಸ ಯಂತ್ರವೋ ಭಾರ. ಈ ಎರಡರ ನಡುವೆ ಸಿಕ್ಕಿಕೊಂಡವರಿಗೆ ಮಹಡಿಯ ಮೇಲಿನ ಅಂಗಡಿಯೇ ಗತಿ.

ಕೊಳ್ಳುವವರ ಪರೀಕ್ಷೆ

ಜೂನ್ ಜುಲೈ ತಿಂಗಳಲ್ಲಿ ಈ ಅಂಗಡಿಗಳಲ್ಲಿ ಕಾಣುವ ನೋಟವೊಂದುಂಟು. ಹಾಸನದ ಕಡೆಯ ರೈತರೊಬ್ಬರು, ಪದವಿ ತರಗತಿಗೆ ಸೇರಿದ ಮಗನೊಡನೆ ಬಾಗಿಲಲ್ಲಿ ನಿಂತಿದ್ದಾರೆ.

"ಬನ್ನಿ ಯಜಮಾನ್ರೇ. ಮಗನಿಗೋ? ಓದೋದಕ್ಕೋ, ಆಟಕ್ಕೋ?" ಎಂದು ಅಂಗಡಿಯವನ ಸ್ವಾಗತ.

"ಓದೋಕೇ ಕಣಪ್ಪ. ದಿನಾ ಬಸ್ಸಲ್ಲಿ ಹೋಗಿ ಬರ್ತಾನೆ. ಭಾರ ಇರಬಾರದು."

ಅಂಗಡಿಯವನು ಕಪ್ಪು ಯಂತ್ರವೊಂದನ್ನು ಮುಂದಿಟ್ಟ. ಮಗ ಕೀಲಿಗಳನ್ನು ಒತ್ತಿ ನೋಡಿದ, ಮುಖ ಅರಳಿತು. ತಂದೆ ಅದನ್ನು ಎತ್ತಿ, ತೂಗಿ, ಎಳೆಯ ಕರುವಿನ ಹಲ್ಲು ನೋಡುವವರಂತೆ ಹಿಂದೆ ಮುಂದೆ ತಿರುಗಿಸಿದರು.

"ಇದು ಯಾರೋ ಬಳಸಿ ಬಿಟ್ಟಿದ್ದಲ್ವಾ? ಎಷ್ಟು ದಿನ ಬಾಳೀತು?"

ಅಂಗಡಿಯವನು ಬಾಯಲ್ಲಿ ಉತ್ತರ ಕೊಡಲಿಲ್ಲ. ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು, ಯಂತ್ರವನ್ನು ಬೋರಲು ಹಾಕಿ, ಮುಚ್ಚಳ ಕಳಚಿದ. "ನೋಡಿ ಯಜಮಾನ್ರೇ. ಇದು ಬ್ಯಾಟರಿ, ಸತ್ತರೆ ಬೇರೆ. ಇದು ರ‍್ಯಾಮು, ಸಾಲದಿದ್ದರೆ ಇನ್ನೊಂದು. ಇದು ಡಿಸ್ಕು. ಯಾವುದು ಕೆಟ್ಟಿದೆಯೋ ಅದನ್ನಷ್ಟೇ ತೆಗೆದು ಹಾಕೋದು."

"ನಮ್ಮ ಪಂಪ್‌ಸೆಟ್ ಇದ್ದ ಹಾಗೆ ಅನ್ನು," ಎಂದರು ರೈತರು. ಅವರ ಮುಖದ ಅನುಮಾನ ಆಗ ಕರಗಿತು. ಆಮೇಲೆ ನಡೆದದ್ದು ಚೌಕಾಸಿ ಮಾತ್ರ. ಹದಿನಾಲ್ಕು ಸಾವಿರದಿಂದ ಹೊರಟದ್ದು ಹನ್ನೆರಡೂವರೆಗೆ ನಿಂತು, ಒಂದು ಚೀಲವನ್ನೂ ಮೇಲೆ ಕೊಡಬೇಕೆಂದು ತೀರ್ಮಾನವಾಯಿತು.

ಎಲ್ಲರೂ ಇಷ್ಟು ಸುಲಭವಾಗಿ ಗೆಲ್ಲುವರೆಂದಲ್ಲ. ಹಳೆಯ ಯಂತ್ರವನ್ನು ಕೊಳ್ಳುವವನು ನೋಡಬೇಕಾದ ಅಂಶಗಳು ಹಲವು. ಪರದೆಯ ಕೀಲು ಸಡಿಲವಾಗಿದೆಯೇ? ಪರದೆಯನ್ನು ಪೂರ್ತಿ ಬಿಳಿ ಮಾಡಿದಾಗ ಕಲೆ ಕಾಣುತ್ತದೆಯೇ? ಪ್ರತಿಯೊಂದು ಕೀಲಿಯೂ ಅಕ್ಷರ ಮೂಡಿಸುತ್ತದೆಯೇ? ಬಯಾಸ್ ಎಂಬ ತಳಹದಿಯ ವ್ಯವಸ್ಥೆಗೆ ಹಿಂದಿನ ಸಂಸ್ಥೆ ಹಾಕಿದ ಪಾಸ್‌ವರ್ಡ್ ಇನ್ನೂ ಉಳಿದಿದೆಯೇ? ಉಳಿದಿದ್ದರೆ ಕೊಂಡವನು ಬೀಗದ ಕೈಯಿಲ್ಲದ ಮನೆಯನ್ನು ಕೊಂಡಂತೆಯೇ ಸರಿ. ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬ್ಯಾಟರಿಯ ವಿಷಯದಲ್ಲಿ ಬೇಕು. ನೂರಾರು ಸಲ ತುಂಬಿ ಬರಿದಾದ ಲಿಥಿಯಂ ಬ್ಯಾಟರಿಯ ಕಸುವು ಕುಂದುವುದು ಸಹಜ. ಆದರೆ ಅದರ ಬದಲಿಗೆ ಅಗ್ಗವೆಂದು ಕಳಪೆ ನಕಲಿಯನ್ನು ಹಾಕಿಸಿದರೆ ಅದು ಬಹುಬೇಗ ಸೋಲುತ್ತದೆ, ಉಬ್ಬಿಕೊಂಡರಂತೂ ಅಪಾಯ.

ಒಡೆತನದ ಸುಖದುಃಖ

ಯಂತ್ರ ಮನೆಗೆ ಬಂದ ಮೇಲೆ ಅದರ ವಯಸ್ಸು ಮುಚ್ಚಿಟ್ಟರೂ ಮುಚ್ಚಿಕೊಳ್ಳದು. ಪರದೆ ಮಂಕು; ಓರೆಯಿಂದ ನೋಡಿದರೆ ಬಣ್ಣಗಳು ಬದಲಾಗುತ್ತವೆ. ಒಳಗಿನ ಫ್ಯಾನು ಬೇಸಗೆಯ ಮಧ್ಯಾಹ್ನ ಏದುಸಿರು ಬಿಡುತ್ತದೆ. ಕ್ಯಾಮೆರಾದಲ್ಲಿ ಮುಖ ಮಂಜಿನೊಳಗಿಂದ ಇಣುಕಿದಂತೆ. ಭಾರವಾದ ಜಾಲತಾಣಗಳನ್ನು ಹತ್ತಾರು ತೆರೆದಿಟ್ಟರೆ ಅದು ತಬ್ಬಿಬ್ಬಾಗುತ್ತದೆ.

ಆದರೆ ಈ ದುಃಖಗಳಲ್ಲಿ ಎಷ್ಟೋ ಒಂದಕ್ಕೆ ಸ್ಕ್ರೂ ಡ್ರೈವರಿನಲ್ಲಿಯೇ ಮದ್ದುಂಟು. ಗಿರಗಿರನೆ ತಿರುಗುವ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಕೂರಿಸಿದರೆ, ಏಳಲು ನಿಮಿಷಗಟ್ಟಲೆ ಮೈಮುರಿಯುತ್ತಿದ್ದ ಯಂತ್ರ ಕೆಲವೇ ಕ್ಷಣಗಳಲ್ಲಿ ಸಿದ್ಧವಾಗುತ್ತದೆ. ರ‍್ಯಾಮ್ ಇಮ್ಮಡಿಸಿದರೆ ತಬ್ಬಿಬ್ಬು ತಗ್ಗುತ್ತದೆ. ಫ್ಯಾನಿನ ಧೂಳು ಊದಿ, ಸಂಸ್ಕಾರಕದ ಮೇಲೆ ಒಣಗಿದ ಲೇಪವನ್ನು ಒರಸಿ ಹೊಸದು ಹಚ್ಚಿದರೆ ಏದುಸಿರು ನಿಲ್ಲುತ್ತದೆ. ಎಕ್ಸ್ ೨೩೦ರ ಒಡೆಯರಲ್ಲಿ ಕೆಲವರು ಅದರ ಕೀಲಿಮಣೆ ಹಿಡಿಸದೆ, ಹಿಂದಿನ ಎಕ್ಸ್ ೨೨೦ರ ಏಳು ಸಾಲಿನ ಕೀಲಿಮಣೆಯನ್ನೇ ಅದಕ್ಕೆ ಹೊಂದಿಸಿಕೊಂಡದ್ದೂ ಉಂಟು. ಅಪ್ಪನ ಕೋಟನ್ನು ಮಗನಿಗೆ ಹಿಡಿಸುವ ದರ್ಜಿಯ ಜಾಣ್ಮೆ ಅದು.

ಹೀಗೆ ಒಂದೊಂದು ಅಂಗವನ್ನೂ ತನ್ನ ಕೈಯಾರೆ ಬಿಚ್ಚಿ ಕೂರಿಸಿದವನಿಗೆ ಯಂತ್ರದ ಭಯ ಹೋಗುತ್ತದೆ. ಮೊದಲು ಅಂಗಡಿಯವನ ಹತ್ತಿರ ಓಡುತ್ತಿದ್ದ ಹುಡುಗ ಆರು ತಿಂಗಳಲ್ಲಿ ಹಾಸ್ಟೆಲಿನ ಗೆಳೆಯರ ಯಂತ್ರಗಳಿಗೂ ವೈದ್ಯನಾಗುತ್ತಾನೆ. ಹೊಸದನ್ನು ಕೊಂಡವನಿಗೆ ಬಿಲ್ಲು ಮತ್ತು ಖಾತರಿಪತ್ರ ದೊರೆಯುತ್ತವೆ. ಹಳೆಯದನ್ನು ಕೊಂಡವನಿಗೆ ಒಂದು ವಿದ್ಯೆ ದೊರೆಯುತ್ತದೆ.

ಲಾಭ ಅವನೊಬ್ಬನದೇ ಅಲ್ಲ. ಲ್ಯಾಪ್‌ಟಾಪೊಂದು ತನ್ನ ಆಯುಷ್ಯದಲ್ಲಿ ಭೂಮಿಯ ಮೇಲೆ ಹೇರುವ ಇಂಗಾಲದ ಹೊರೆಯಲ್ಲಿ ಬಹುಪಾಲು ಅದು ತಯಾರಾಗುವಾಗಲೇ ಆಗಿಹೋಗಿರುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ ೨೦೨೨ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ ೬ ಕೋಟಿ ೨೦ ಲಕ್ಷ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದದ್ದು ನೂರಕ್ಕೆ ೨೨.೩ ಭಾಗ ಮಾತ್ರ. ಹೀಗಿರುವಾಗ ಬದುಕಿರುವ ಯಂತ್ರವನ್ನು ಇನ್ನೂ ಐದಾರು ವರ್ಷ ದುಡಿಸುವುದು ಸಣ್ಣ ಉಪಕಾರವಲ್ಲ.

ಬೆಸುಗೆಯ ಕಾಲ

ಆದರೂ ಈ ಬೀದಿಯ ಮೇಲೆ ಒಂದು ಮೋಡ ಕವಿದಿದೆ. ೨೦೦೮ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ವೇದಿಕೆಯೊಂದರ ಮೇಲೆ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಕಚೇರಿಯ ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಎಂಬ ಲ್ಯಾಪ್‌ಟಾಪನ್ನು ಹೊರಗೆಳೆದು ತೋರಿಸಿದರು. ನೋಡಿದವರು ಬೆರಗಾದರು. ಆ ತೆಳುವಿಗೆ ತೆತ್ತ ಬೆಲೆ ಲಕೋಟೆಯ ಹೊರಗೆ ಕಾಣುತ್ತಿರಲಿಲ್ಲ. ಅದರ ರ‍್ಯಾಮನ್ನು ಫಲಕಕ್ಕೇ ಬೆಸೆಯಲಾಗಿತ್ತು. ಬ್ಯಾಟರಿಯನ್ನು ಬಳಸುವವನು ಹೊರತೆಗೆಯುವಂತಿರಲಿಲ್ಲ. ತೆಳುವೇ ಸೌಂದರ್ಯವೆಂದು ಲೋಕ ಒಪ್ಪಿದ ಮೇಲೆ ಉಳಿದ ತಯಾರಕರೂ ಅದೇ ದಾರಿ ಹಿಡಿದರು.

ಕಪ್ಪು ಬುತ್ತಿಯ ಮನೆತನದಲ್ಲಿಯೂ ಈ ಬದಲಾವಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸಬಹುದು. ಎಕ್ಸ್ ೨೩೦ರಲ್ಲಿ ರ‍್ಯಾಮಿಗೆ ಎರಡು ಮನೆಗಳಿದ್ದವು. ಎಕ್ಸ್ ೨೪೦ರಲ್ಲಿ ಒಂದೇ ಉಳಿಯಿತು. ೨೦೧೭ರ ಎಕ್ಸ್ ೨೭೦ರವರೆಗೂ ಬೆನ್ನಿನ ಬ್ಯಾಟರಿ ಕೈಗೆ ಬರುತ್ತಿತ್ತು. ೨೦೧೮ರ ಎಕ್ಸ್ ೨೮೦ರಲ್ಲಿ ರ‍್ಯಾಮ್ ಬೆಸುಗೆಗೊಂಡಿತು, ಬ್ಯಾಟರಿ ಒಳಗೆ ಸೇರಿತು, ಯಂತ್ರ ತೆಳುವಾಯಿತು.

ಇದರೊಡನೆ ಇನ್ನೊಂದು ಇಕ್ಕಟ್ಟು ಬಂದು ಕೂಡಿತು. ಮೈಕ್ರೋಸಾಫ್ಟ್ ಸಂಸ್ಥೆ ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಬೆಂಬಲವನ್ನು ಮುಗಿಸಿತು. ಹೆಚ್ಚುವರಿ ರಕ್ಷಣೆಗಾಗಿ ಹೆಸರು ನೋಂದಾಯಿಸಿದ ಮನೆಬಳಕೆಯವರಿಗೆ ಒಂದು ವರ್ಷದ ವಾಯಿದೆಯನ್ನು ಘೋಷಿಸಿತು. ಮುಂದಿನ ವಿಂಡೋಸ್ ೧೧ಕ್ಕೆ ಇಂಟೆಲ್ ಸಂಸ್ಕಾರಕವಾದರೆ ಬಹುತೇಕ ಎಂಟನೆಯ ಪೀಳಿಗೆಯದೇ ಇಲ್ಲವೇ ಅದಕ್ಕಿಂತ ಹೊಸದೇ ಬೇಕು. ಲೆಕ್ಕ ಹಾಕಿ ನೋಡಿದರೆ ವಿಧಿಯ ವಿನೋದ ತಿಳಿಯುತ್ತದೆ. ಬಿಚ್ಚಿ ಸರಿಪಡಿಸಲು ಒಪ್ಪುವ ಎಕ್ಸ್ ೨೨೦, ಎಕ್ಸ್ ೨೩೦, ಎಕ್ಸ್ ೨೭೦ ಇವೆಲ್ಲ ಆ ಗೆರೆಯ ಹೊರಗೆ ಉಳಿದವು. ಎಂಟನೆಯ ಪೀಳಿಗೆಯ ಸಂಸ್ಕಾರಕ ಹೊತ್ತು ಗೆರೆಯ ಒಳಗೆ ಬಂದದ್ದು ಬೆಸುಗೆಯ ಎಕ್ಸ್ ೨೮೦! ತೆರೆದ ಬಾಗಿಲಿನ ಮನೆಗೆ ಪರವಾನಗಿಯಿಲ್ಲ; ಪರವಾನಗಿಯಿದ್ದ ಮನೆಗೆ ಬಾಗಿಲಿಲ್ಲ.

ಹಾಗಾದರೆ ಹನ್ನೆರಡೂವರೆ ಸಾವಿರ ತೆತ್ತವನ ಗತಿಯೇನು? ಅವನಿಗೆ ಲಿನಕ್ಸ್ ಎಂಬ ಬೇರೊಂದು ಹಾದಿಯುಂಟು. ಅದನ್ನು ಪಡೆಯಲು ಹಣ ಕೊಡಬೇಕಿಲ್ಲ. ಅದು ಯಂತ್ರದ ವಯಸ್ಸನ್ನೂ ಅಷ್ಟಾಗಿ ಕೇಳದು. ಕನ್ನಡ ಬರೆಯಲು ರೂಢಿಯಾಗಿರುವ ಕಗಪ ಕೀಲಿಮಣೆಯ ವಿನ್ಯಾಸವೂ ಅದರಲ್ಲಿ ಸೇರಿಯೇ ಬರುತ್ತದೆ. ಪತ್ರ ಬರೆಯಲು, ಪಾಠ ಓದಲು, ಲೆಕ್ಕವಿಡಲು ಅಷ್ಟು ಸಾಕು. ಆದರೆ ವಿಂಡೋಸ್ ಒಂದನ್ನೇ ಬೇಡುವ ತೆರಿಗೆಯ ತಂತ್ರಾಂಶ, ಪರೀಕ್ಷೆಯ ತಂತ್ರಾಂಶಗಳೂ ಇವೆ. ಅವುಗಳ ಮುಂದೆ ಈ ಹಾದಿ ನಿಂತುಹೋಗುತ್ತದೆ. ಅಂಗಡಿಯವರೂ ಇದನ್ನು ಬಲ್ಲರು. ಕೊಳ್ಳುವವನು ಇದನ್ನು ಮೊದಲೇ ಕೇಳಿ ತಿಳಿದುಕೊಂಡರೆ ಇಬ್ಬರಿಗೂ ಕ್ಷೇಮ.

ರಿಪೇರಿಯ ಹಕ್ಕು ಎಂಬ ಮಾತು ಈಗ ಸರಕಾರದ ಕಿವಿಗೂ ಬಿದ್ದಿದೆ. ೨೦೨೨ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು; ಅದೇ ಡಿಸೆಂಬರಿನಲ್ಲಿ ತಯಾರಕರು ರಿಪೇರಿಯ ವಿವರಗಳನ್ನು ಪ್ರಕಟಿಸಲೆಂದು ಒಂದು ಜಾಲತಾಣವನ್ನು ತೆರೆಯಿತು. ಮೊದಲು ಆರಿಸಿಕೊಂಡ ವರ್ಗಗಳಲ್ಲಿ ವಿದ್ಯುನ್ಮಾನ ಸರಕಿನೊಡನೆ ಬೇಸಾಯದ ಯಂತ್ರಗಳೂ ಇದ್ದವು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಪಂಪ್‌ಸೆಟ್ಟನ್ನು ಕಂಡ ಹಾಸನದ ರೈತರ ಮಾತು ಹುಸಿಯಲ್ಲವೆಂದಾಯಿತು. ಕೊಂಡ ವಸ್ತು ಕೆಟ್ಟಾಗ ಅದನ್ನು ಬಿಚ್ಚಿ ಸರಿಪಡಿಸುವ ಸ್ವಾತಂತ್ರ್ಯ ಇದ್ದರೆ ತಾನೇ ಅದು ಕೊಂಡವನದು?

ಎಸ್.ಪಿ. ರೋಡು ಕಾನೂನಿಗಾಗಿ ಕಾದು ಕುಳಿತಿಲ್ಲ. ಸಂಜೆ ಕೆಳಗಿನ ಅಂಗಡಿಗಳ ಷಟರುಗಳು ಒಂದೊಂದಾಗಿ ಇಳಿಯುತ್ತಿರುವಾಗ ಮೇಲಿನ ಮಹಡಿಯಲ್ಲಿ ಇನ್ನೂ ದೀಪವುರಿಯುತ್ತಿರುತ್ತದೆ. ಇಪ್ಪತ್ತು ಇಪ್ಪತ್ತೆರಡರ ತರುಣನೊಬ್ಬ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕುಳಿತಿದ್ದಾನೆ. ಒಂದು ಕೈಯಲ್ಲಿ ಬಿಸಿಗಾಳಿಯ ಕೊಳವೆ, ಇನ್ನೊಂದರಲ್ಲಿ ಸಣ್ಣ ಚಿಮುಟ. ಬೆಸೆದ ರ‍್ಯಾಮಿನ ಚಿಪ್ಪನ್ನು ಫಲಕದಿಂದ ಎಬ್ಬಿಸಲು ಅವನು ಕಲಿಯುತ್ತಿದ್ದಾನೆ. ಸೀಸ ಕರಗಬೇಕು, ಫಲಕ ಸುಡಬಾರದು. ಪಕ್ಕದಲ್ಲಿ ನಿಂತ ಹಿರಿಯ, "ಆತುರ ಬೇಡ ಕಣೋ, ಇನ್ನೂ ಸ್ವಲ್ಪ ಕಾಯಲಿ," ಎನ್ನುತ್ತಾನೆ. ಮೇಜಿನ ಅಂಚಿನಲ್ಲಿ ಇದೇ ಪಾಠದಲ್ಲಿ ಸುಟ್ಟುಹೋದ ಮೂರು ಫಲಕಗಳು ಬಿದ್ದಿವೆ. ನಾಲ್ಕನೆಯದು ಅವನ ಕೈಯಲ್ಲಿದೆ.